ಗಾಳಿಯ ಹೊತ್ತು ನೋಡಿ ಹೊರಡಿ: ತೆಹಾಚಪಿಯ ಮರುಭೂಮಿ ಬೆಟ್ಟಗಳಲ್ಲಿ ಒಂದು ದಿನ

ಮರುಭೂಮಿ ಅಂದ ಕೂಡಲೇ ನಮಗೆ ಹೊಳೆಯುವುದು ಎರಡೇ ವಿಷಯ. ಬಿಸಿಲು ಮತ್ತು ಬಾಯಾರಿಕೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಗೆಳೆಯರು ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ಗೆ ಹೊರಟಾಗ ನನ್ನನ್ನು ಕೇಳುವುದೂ ಅದನ್ನೇ, "ಎಷ್ಟು ಲೀಟರ್ ನೀರು ಹೊರಬೇಕು?" ಗಾಳಿಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ತೆಹಾಚಪಿ ಬೆಟ್ಟಗಳಲ್ಲಿ ನಿಮ್ಮ ದಿನ ಹೇಗೆ ಹೋಗುತ್ತದೆ ಅಂತ ತೀರ್ಮಾನಿಸುವುದು ಗಾಳಿಯೇ. ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ಕೂತು ಊಟ ಮಾಡಬೇಕು, ಒಲೆ ಹಚ್ಚಬೇಕಾ ಬೇಡವಾ, ರಾತ್ರಿ ಎಲ್ಲಿ ಮಲಗಬೇಕು, ಎಲ್ಲವನ್ನೂ ಅದರ ಹೊತ್ತು ನೋಡಿಯೇ ಹೊಂದಿಸಿಕೊಳ್ಳಬೇಕು.

ಈ ಟ್ರೇಲ್ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿಲೋಮೀಟರ್ ಹೋಗುತ್ತದೆ. ಪೂರ್ತಿ ನಡೆಯಲು ನಾಲ್ಕೈದು ತಿಂಗಳು ಬೇಕು. ನಾನು ಇಲ್ಲಿ ಹೇಳುತ್ತಿರುವುದು ಅದರಲ್ಲಿ ಒಂದೇ ಒಂದು ದಿನದ ತುಂಡು. ಮೊಹಾವಿ ಮರುಭೂಮಿಯ ಅಂಚಿನಲ್ಲಿರುವ ಕಾಟನ್‌ವುಡ್ ಕ್ರೀಕ್‌ನಿಂದ ಬೆಟ್ಟ ಹತ್ತಿ, ಟೈಲರ್‌ಹಾರ್ಸ್ ಕ್ಯಾನಿಯನ್ ದಾಟಿ, ತೆಹಾಚಪಿ ವಿಲೋ ಸ್ಪ್ರಿಂಗ್ಸ್ ರಸ್ತೆಗೆ ಇಳಿಯುವ ದಾರಿ. ಒಟ್ಟು ಸುಮಾರು 38 ಕಿಲೋಮೀಟರ್. ಇಡೀ ಟ್ರೇಲ್ ನಡೆಯುತ್ತಿರುವವರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ, ಏಕೆಂದರೆ ಅಷ್ಟು ಹೊತ್ತಿಗೆ ಅವರು 800 ಕಿಲೋಮೀಟರ್‌ಗೂ ಜಾಸ್ತಿ ನಡೆದು ಕಾಲು ಪಳಗಿರುತ್ತದೆ. ವಾರಾಂತ್ಯಕ್ಕೆ ಬರುವ ನಮ್ಮಂಥವರು ಒಂದೂವರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಕ್ರಮ ಎರಡಕ್ಕೂ ಒಂದೇ.

ಗಾಳಿ ಯಾಕೆ, ಯಾವಾಗ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಬೆಟ್ಟದ ಪಶ್ಚಿಮಕ್ಕೆ ಸ್ಯಾನ್ ಹೋಕೀನ್ ಕಣಿವೆ. ಸಮುದ್ರದ ಕಡೆಯಿಂದ ಬರುವ ತಂಪು ಗಾಳಿ ಅಲ್ಲಿ ತುಂಬಿಕೊಂಡಿರುತ್ತದೆ. ಪೂರ್ವಕ್ಕೆ ಮೊಹಾವಿ ಮರುಭೂಮಿ. ಹಗಲಿನಲ್ಲಿ ಅದು ಕಾದು, ಅಲ್ಲಿನ ಬಿಸಿಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಪಶ್ಚಿಮದ ತಂಪು ಗಾಳಿ ನುಗ್ಗುತ್ತದೆ. ನಡುವೆ ಅಡ್ಡ ನಿಂತಿರುವುದು ತೆಹಾಚಪಿ ಬೆಟ್ಟಸಾಲು. ಅದರಲ್ಲಿರುವ ಇಕ್ಕಟ್ಟಾದ ಕಣಿವೆದಾರಿಗಳಲ್ಲೇ ಗಾಳಿ ಎಲ್ಲ ಹಾದುಹೋಗಬೇಕು. ನೀರಿನ ಪೈಪಿನ ಬಾಯನ್ನು ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ಹೇಗೆ ಚಿಮ್ಮುತ್ತದೆಯೋ ಹಾಗೆ. ಗಾಳಿ ಹೆಚ್ಚಾಗಿ ಬರುವುದು ಪಶ್ಚಿಮ ಮತ್ತು ವಾಯವ್ಯದಿಂದ. ನಮ್ಮ ಹಿರಿಯರು ಆ ಮೂಲೆಯನ್ನು ವಾಯುವಿಗೆ ಬಿಟ್ಟುಕೊಟ್ಟಿದ್ದರಲ್ವಾ, ಇಲ್ಲಿ ನಿಂತಾಗ ಆ ಹೆಸರು ನನಗೆ ಪ್ರತಿಸಲವೂ ನೆನಪಾಗುತ್ತದೆ.

ಈಗ ಮುಖ್ಯವಾದ ಮಾತು. ಮರುಭೂಮಿ ಕಾಯಲು ಹೊತ್ತು ಬೇಕು. ಹಾಗಾಗಿ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಗಾಳಿ ಮಧ್ಯಾಹ್ನದ ಮೇಲೆ ಏರುತ್ತದೆ, ಸಂಜೆಗೆ ಜೋರಾಗುತ್ತದೆ. ಎಷ್ಟೋ ದಿನ ನಡುರಾತ್ರಿ ದಾಟಿದರೂ ನಿಲ್ಲುವುದಿಲ್ಲ. ಸ್ವಲ್ಪ ಸುಮ್ಮನಾಗುವುದು ಬೆಳಗಿನ ಜಾವದಿಂದ ಹತ್ತು ಗಂಟೆಯವರೆಗೆ. ಊರಿನಲ್ಲಿ ಸಂಜೆಯಾದರೆ ಗಾಳಿ ತಣ್ಣಗಾಗುತ್ತದೆ ಅಂತ ನಂಬಿಕೊಂಡವರು ಇಲ್ಲಿ ಲೆಕ್ಕ ತಪ್ಪುತ್ತಾರೆ. ನಾನೂ ತಪ್ಪಿದ್ದೆ, ಅದನ್ನು ಮುಂದೆ ಹೇಳುತ್ತೇನೆ.

ಚಿತ್ರದುರ್ಗ, ಗದಗದ ಕಡೆಯವರಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಹೊಸದಲ್ಲ. ಅಲ್ಲಿ ರೆಕ್ಕೆಗಳು ಜೋರಾಗಿ ತಿರುಗುವುದು ಮುಂಗಾರಿನ ಜೊತೆಗೆ, ಆಷಾಢದ ಗಾಳಿಗೆ. ತೆಹಾಚಪಿಯಲ್ಲಿ ಅದಕ್ಕಿಂತ ಮುಂಚೆಯೇ, ಏಪ್ರಿಲ್, ಮೇ, ಜೂನ್‌ನಲ್ಲಿ. ಅಮೆರಿಕದಲ್ಲಿ ಗಾಳಿಯಿಂದ ದೊಡ್ಡ ಪ್ರಮಾಣದಲ್ಲಿ ಕರೆಂಟ್ ಮಾಡಲು ಶುರುವಾದ ಮೊದಲ ಜಾಗಗಳಲ್ಲಿ ಇದೂ ಒಂದು. 1980ರ ದಶಕದ ಶುರುವಿನಿಂದ ಇಲ್ಲಿ ಯಂತ್ರಗಳು ನಿಂತಿವೆ. ಇಲ್ಲಿನ ಆಲ್ಟಾ ಎಂಬ ಒಂದೇ ಯೋಜನೆಯ ಸಾಮರ್ಥ್ಯ 1,500 ಮೆಗಾವಾಟ್‌ಗೂ ಜಾಸ್ತಿ. ಇಷ್ಟು ಯಂತ್ರ ಯಾಕೆ ಇಲ್ಲಿಗೇ ಬಂದವು ಅಂತ ಒಂದು ಕ್ಷಣ ಯೋಚಿಸಿ. ಗಾಳಿ ಚೆನ್ನಾಗಿ ಬೀಸುವ ಜಾಗ ಹುಡುಕಿಕೊಂಡು ಬಂದ ಜನ ಆರಿಸಿದ ಬೆಟ್ಟದಲ್ಲೇ ನೀವು ಟೆಂಟ್ ಹಾಕಲು ಹೊರಟಿದ್ದೀರಿ.

ಹೊರಡುವ ಮುಂಚೆ

ತಿಂಗಳು ಆರಿಸಿಕೊಳ್ಳುವಾಗ ಏಪ್ರಿಲ್‌ನಿಂದ ಜೂನ್ ಮೊದಲ ವಾರ, ಇಲ್ಲವೇ ಅಕ್ಟೋಬರ್ ನೋಡಿ. ಜುಲೈ, ಆಗಸ್ಟ್‌ನಲ್ಲಿ ಕೆಳಗಿನ ಬಯಲು 40 ಡಿಗ್ರಿ ದಾಟುತ್ತದೆ, ಬೇಡ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ನೀರಿನ ತಲೆನೋವು ಜಾಸ್ತಿ, ಏಕೆಂದರೆ ಹೊಳೆಗಳು ಒಣಗಿರುತ್ತವೆ.

ಟ್ರೇಲ್‌ನಲ್ಲಿ ಒಂದೇ ಪ್ರಯಾಣದಲ್ಲಿ 500 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ನಡೆಯುವವರಿಗೆ ಬೇರೆ ಪರವಾನಗಿ ಇದೆ. ಈ ಒಂದು ದಿನದ ತುಂಡಿಗೆ ಅದು ಬೇಕಿಲ್ಲ. ಆದರೆ ಗ್ಯಾಸ್ ಒಲೆ ತೆಗೆದುಕೊಂಡು ಹೋದರೆ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಡ್ಡಿಲ್ಲ.

ಹವಾಮಾನ ನೋಡುವ ರೀತಿ ಗೊತ್ತಿರಬೇಕು. ಫೋನಿನಲ್ಲಿ ತೆಹಾಚಪಿ ಅಂತ ಹುಡುಕಿದರೆ ಬರುವುದು ಊರಿನ ಲೆಕ್ಕ. ನೀವು ನಡೆಯುವುದು ಬೆಟ್ಟದ ನೆತ್ತಿಯಲ್ಲಿ. ಅಮೆರಿಕದ ಹವಾಮಾನ ಇಲಾಖೆಯ ತಾಣದಲ್ಲಿ ನಕ್ಷೆಯ ಮೇಲೆ ಬೆಟ್ಟದ ಜಾಗವನ್ನೇ ಒತ್ತಿ, ಗಂಟೆಗಂಟೆಯ ಲೆಕ್ಕ ತೆಗೆಯಿರಿ. ಅದರಲ್ಲಿ ಎರಡು ಅಂಕಿ ಇರುತ್ತವೆ. ಒಂದು ಸತತವಾಗಿ ಬೀಸುವ ಗಾಳಿ, ಇನ್ನೊಂದು ಹೊಡೆತದ ಗಾಳಿ, ಅಂದರೆ ಗಸ್ಟ್. ನಿಮ್ಮನ್ನು ಬೀಳಿಸುವುದು ಎರಡನೆಯದು. ಅದನ್ನೇ ನೋಡಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗಂಟೆಗೆ 30 ಕಿಲೋಮೀಟರ್ ಇದ್ದದ್ದು 60ಕ್ಕೆ ಏರಿದ್ದು ಕಾಗದದ ಮೇಲೆ ಕಾಣುವಷ್ಟು ಸಣ್ಣ ವಿಷಯ ಅಲ್ಲ. ನನ್ನ ಲೆಕ್ಕ ಹೀಗಿದೆ. ಗಸ್ಟ್ 50 ಕಿಲೋಮೀಟರ್ ಒಳಗಿದ್ದರೆ ಯಾರು ಬೇಕಾದರೂ ಹೋಗಬಹುದು. 50ರಿಂದ 75 ಇದ್ದರೆ ಮುಂಚೆ ಒಂದೆರಡು ಸಲ ಇಂಥ ಕಡೆ ನಡೆದವರು ಹೋಗಲಿ. 75 ದಾಟಿದರೆ, ಅಂದರೆ ಇಲಾಖೆ ಗಾಳಿಯ ಎಚ್ಚರಿಕೆ ಕೊಡುವ ಹಂತಕ್ಕೆ ಬಂದರೆ, ನಾನು ಹೋಗುವುದಿಲ್ಲ. ರಜೆ ಹಾಕಿದ್ದೇವೆ, ಗೆಳೆಯರು ಬರುತ್ತಿದ್ದಾರೆ ಅನ್ನುವ ಕಾರಣಕ್ಕೆ ಹೊರಟುಬಿಡಬೇಡಿ. ಬೆಟ್ಟ ಮುಂದಿನ ವಾರವೂ ಅಲ್ಲೇ ಇರುತ್ತದೆ.

ಚಳಿಯನ್ನೂ ಇದರ ಜೊತೆಗೇ ಲೆಕ್ಕ ಹಾಕಿ. ಮೇ ತಿಂಗಳಲ್ಲೂ ನೆತ್ತಿಯಲ್ಲಿ ಬೆಳಗಿನ ಜಾವ 5 ಡಿಗ್ರಿ ಇರಬಹುದು. 50 ಕಿಲೋಮೀಟರ್ ಗಾಳಿ ಸೇರಿದರೆ ಮೈಗೆ ಅದು ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿನ ಹಾಗೆ ತಾಕುತ್ತದೆ. ಮಧ್ಯಾಹ್ನ ಅದೇ ದಾರಿಯಲ್ಲಿ ಬಿಸಿಲಿಗೆ ತಲೆ ಸುಡುತ್ತದೆ. ಒಂದೇ ದಿನ ಎರಡಕ್ಕೂ ತಯಾರಾಗಿರಬೇಕು.

ಚೀಲ ಕಟ್ಟುವುದು

ಇಲ್ಲಿ ಒಂದೇ ಸೂತ್ರ. ಚೀಲದ ಹೊರಗೆ ಏನೂ ತೂಗಾಡಬಾರದು. ಸುರುಳಿ ಸುತ್ತಿದ ಮಲಗುವ ಚಾಪೆಯನ್ನು ಅಡ್ಡಡ್ಡ ಕಟ್ಟಿಕೊಂಡು ಹೋಗುವುದು ಬಹಳ ಜನರ ಅಭ್ಯಾಸ. ಗಾಳಿಗೆ ಅದು ದೋಣಿಯ ಹಾಯಿಯ ಹಾಗೆ ಆಗುತ್ತದೆ. ಪಕ್ಕದಿಂದ ಒಂದು ಹೊಡೆತ ಬಿದ್ದರೆ ಅದು ನಿಮ್ಮನ್ನು ತಿರುಗಿಸಿಬಿಡುತ್ತದೆ. ಒಳಗೆ ಹಾಕಿ, ಆಗದಿದ್ದರೆ ಉದ್ದುದ್ದಕ್ಕೆ ಚೀಲಕ್ಕೆ ಅಂಟಿಕೊಂಡ ಹಾಗೆ ಬಿಗಿಯಿರಿ. ಚೀಲದ ಮಳೆ ಕವರ್ ಬೇಡ, ಹಾರಿಹೋಗುತ್ತದೆ. ಬದಲಿಗೆ ಒಳಗಡೆ ಗಟ್ಟಿಯಾದ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಸಾಮಾನು ತುಂಬಿ. ಬಿಸಿಲಿನ ಛತ್ರಿ ದಕ್ಷಿಣದ ಬಯಲಿನಲ್ಲಿ ಒಳ್ಳೆಯ ಸಾಮಾನು, ಇಲ್ಲಿ ಹೊರೆ.

ಟೊಪ್ಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲೇಬೇಕು. ಒಂದು ತೆಳು ಗಾಳಿ ಜಾಕೆಟ್, ತೆಳು ಕೈಗವಸು, ಕುತ್ತಿಗೆಯಿಂದ ಮೂಗಿನವರೆಗೆ ಎಳೆದುಕೊಳ್ಳುವ ಬಟ್ಟೆ ಬೇಕು. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ ಆಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಮಟ್ಟಿಗೆ ಮಾಮೂಲಿ ಕನ್ನಡಕಕ್ಕೆ ಬನ್ನಿ. ಒಂದು ಮರಳಿನ ಕಣ ಲೆನ್ಸಿನ ಕೆಳಗೆ ಸೇರಿದರೆ ಅರ್ಧ ದಿನ ಕಣ್ಣೀರೇ. ತುಟಿ, ಮೂಗಿನ ಒಳಗೆ ಸವರಲು ಚಿಕ್ಕ ಡಬ್ಬಿಯಲ್ಲಿ ವ್ಯಾಸಲೀನ್. ಒಣ ಗಾಳಿಗೆ ಮೂಗಿನಲ್ಲಿ ರಕ್ತ ಬರುವುದು ಇಲ್ಲಿ ಮಾಮೂಲು.

ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಮರೆಯಬೇಡಿ. ಗಾಳಿಯ ಸದ್ದು ಎಂಟು ಗಂಟೆ ಎಡೆಬಿಡದೆ ಕೇಳಿದರೆ ಆಗುವ ಸುಸ್ತು ಕಾಲಿನ ಸುಸ್ತಿಗಿಂತ ಜಾಸ್ತಿ. ನಡೆಯುವಾಗ ಅಲ್ಲ, ಕೂತಾಗ ಮತ್ತು ರಾತ್ರಿ ಮಲಗುವಾಗ ಹಾಕಿಕೊಳ್ಳಲು ಅದು ಬೇಕು.

ಊಟ: ಒಲೆ ಬಿಟ್ಟು ಹೋಗಿ

ಈ ದಾರಿಯಲ್ಲಿ ನಾನು ಒಲೆ ಒಯ್ಯುವುದಿಲ್ಲ. ಗಾಳಿಗೆ ಉರಿ ನಿಲ್ಲುವುದಿಲ್ಲ, ಗ್ಯಾಸ್ ಎರಡು ಪಟ್ಟು ಖರ್ಚಾಗುತ್ತದೆ. ಅದಕ್ಕಿಂತ ದೊಡ್ಡ ಮಾತು ಬೆಂಕಿ. ಮೇ ಹೊತ್ತಿಗೆ ಅಲ್ಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅಂಥ ಹುಲ್ಲಿನ ನಡುವೆ, ಅಂಥ ಗಾಳಿಯಲ್ಲಿ, ಉರುಳಿದ ಒಂದು ಒಲೆ ಸಾಕು ಗುಡ್ಡ ಹೊತ್ತಿಕೊಳ್ಳಲು.

ಅಮೆರಿಕದ ನಡಿಗೆಯವರು ಇನ್‌ಸ್ಟಂಟ್ ನೂಡಲ್ಸನ್ನು ತಣ್ಣೀರಿನಲ್ಲಿ ನೆನೆಸಿ ತಿನ್ನುತ್ತಾರೆ. ನಮಗೆ ಆ ಕಷ್ಟ ಬೇಡ. ಒಲೆಯಿಲ್ಲದ ಊಟಕ್ಕೆ ಹೇಳಿ ಮಾಡಿಸಿದ್ದು ಗೊಜ್ಜವಲಕ್ಕಿ. ಮನೆಯಲ್ಲೇ ಒಣ ಮಿಶ್ರಣ ಮಾಡಿಕೊಳ್ಳಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ದಪ್ಪ ರವೆಯ ಹದಕ್ಕೆ ತನ್ನಿ. ಅದಕ್ಕೆ ಸಾರಿನ ಪುಡಿ, ಹುಣಸೆಹಣ್ಣಿನ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ ಸೇರಿಸಿ. ಸಾಸಿವೆ, ಕರಿಬೇವು, ಕಡಲೆಬೀಜದ ಒಗ್ಗರಣೆ ಮಾಡಿ, ಕರಿಬೇವು ಗರಿಗರಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿಯಿರುವಾಗ ಬೆರೆಸಿದರೆ ಪೊಟ್ಟಣದೊಳಗೆ ಬೆವರುತ್ತದೆ, ಎರಡನೇ ದಿನಕ್ಕೆ ಮುಗ್ಗಲು ವಾಸನೆ. ಒಬ್ಬರ ಒಂದು ಊಟಕ್ಕೆ ಒಂದೂವರೆ ಲೋಟದಷ್ಟು ಒಂದೊಂದು ಜಿಪ್ ಪೊಟ್ಟಣಕ್ಕೆ ತುಂಬಿ.

ದಾರಿಯಲ್ಲಿ ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದು ಸಾಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಪೊಟ್ಟಣ ಸುರಿದು, ಮುಳುಗುವಷ್ಟು ನೀರು ಹಾಕಿ, ಬಿಗಿಯಾಗಿ ಮುಚ್ಚಿ ಚೀಲದ ಪಕ್ಕದ ಜೇಬಿಗೆ ಹಾಕಿ ನಡೆಯುತ್ತಾ ಇರಿ. ಕೂತು ಮುಚ್ಚಳ ತೆಗೆದಾಗ ಉದುರುದುರಾಗಿ ಅರಳಿರುತ್ತದೆ. ಮೊದಲು ಮೂಗಿಗೆ ಬರುವುದು ಹುಣಸೆಹಣ್ಣು, ಸಾರಿನ ಪುಡಿಯ ಘಮ, ಆಮೇಲೆ ಬೆಲ್ಲ. ಸುತ್ತ ಮೈಲಿಗಟ್ಟಲೆ ಜೋಶುವಾ ಮರ, ಬೂದುಬಣ್ಣದ ಪೊದೆ, ಕೈಯಲ್ಲಿ ಅಮ್ಮನ ಅಡುಗೆಮನೆ. ಉಪ್ಪು, ಹುಳಿ, ಸಿಹಿ ಮೂರೂ ಇರುವುದರಿಂದ ಬಿಸಿಲಿಗೆ ಬಾಯಿ ಕೆಟ್ಟವರಿಗೂ ಇಳಿಯುತ್ತದೆ. ನಡುನಡುವೆ ಬಾಯಾಡಲು ಚಿಕ್ಕಿ, ಕೋಡುಬಳೆ, ಖರ್ಜೂರ. ನಿಪ್ಪಟ್ಟು ಚೀಲದಲ್ಲಿ ಪುಡಿಯಾಗುತ್ತದೆ.

ಹಿಂದಿನ ಸಂಜೆ

ಕಾಟನ್‌ವುಡ್ ಕ್ರೀಕ್‌ಗೆ ಬರುವ ದಾರಿ ಸುಮಾರು 27 ಕಿಲೋಮೀಟರ್ ಸಪಾಟು ಬಯಲು. ಹೈಕರ್‌ಟೌನ್ ಎಂಬ ಜಾಗದಿಂದ ಶುರುವಾಗಿ ಲಾಸ್ ಏಂಜಲೀಸ್ ಕಾಲುವೆಯ ಜೊತೆಜೊತೆಗೆ ಬರುತ್ತದೆ. 1913ರಲ್ಲಿ ನೀರು ಹರಿಸಿದ ಕಾಲುವೆ ಅದು, ಪಂಪ್ ಇಲ್ಲದೆ ಬರೀ ಇಳಿಜಾರಿನಿಂದಲೇ 375 ಕಿಲೋಮೀಟರ್ ದೂರ ಓವೆನ್ಸ್ ಕಣಿವೆಯಿಂದ ನಗರಕ್ಕೆ ನೀರು ತರುತ್ತದೆ. ಇಲ್ಲಿ ಅದನ್ನು ಪೈಪು, ಕಾಂಕ್ರೀಟಿನಿಂದ ಮುಚ್ಚಿದ್ದಾರೆ. ಕಾಲ ಕೆಳಗೇ ಒಂದು ನಗರಕ್ಕಾಗುವಷ್ಟು ನೀರು, ಒಂದು ಬೊಗಸೆ ಕೈಗೆ ಸಿಗುವುದಿಲ್ಲ. ಟ್ರೇಲ್ ಬೆಟ್ಟ ಬಿಟ್ಟು ಈ ಬಯಲಿಗೆ ಯಾಕೆ ಇಳಿಯಿತು ಅಂದರೆ, ಮೇಲಿನ ಬೆಟ್ಟಸಾಲಿನ ಬಹುಭಾಗ ಟೆಹೋನ್ ರಾಂಚ್ ಎಂಬ ಖಾಸಗಿ ಜಮೀನು.

ಕಾಟನ್‌ವುಡ್ ಕ್ರೀಕ್ ಸೇತುವೆಯ ಹತ್ತಿರ ಒಂದು ನಲ್ಲಿ ಇದೆ. ಅದರಲ್ಲಿ ನೀರು ಬರುತ್ತದೆ ಅಂತ ನಂಬಿ ಬರಬೇಡಿ, ಎಷ್ಟೋ ಸಲ ಬರುವುದಿಲ್ಲ. ಟ್ರೇಲ್‌ನ ನೀರಿನ ವರದಿ ಅಥವಾ ಫಾರ್‌ಔಟ್ ಆ್ಯಪ್‌ನಲ್ಲಿ ಹಿಂದಿನ ದಿನಗಳಲ್ಲಿ ದಾಟಿದವರು ಏನು ಬರೆದಿದ್ದಾರೆ ಅಂತ ನೋಡಿ. ವಾರಕ್ಕಿಂತ ಹಳೆಯ ಮಾತು ಲೆಕ್ಕಕ್ಕಿಲ್ಲ.

ಮಲಗುವ ಮುಂಚೆ ಬೆಳಿಗ್ಗೆಯ ಸಾಮಾನೆಲ್ಲ ಹೊಂದಿಸಿಕೊಳ್ಳಿ. ಕತ್ತಲೆಯಲ್ಲಿ, ಗಾಳಿಯಲ್ಲಿ ಚೀಲ ಬಿಚ್ಚಿ ಹುಡುಕಲು ಕೂತರೆ ಏನಾದರೂ ಒಂದು ಹಾರಿಹೋಗುವುದು ಖಂಡಿತ. ಸಂಜೆ ಗಾಳಿ ಜೋರಿದ್ದರೆ ಟೆಂಟ್ ಹಾಕಲೇಬೇಡಿ. ಸೇತುವೆಯ ಆಸುಪಾಸಿನಲ್ಲಿ ಗಾಳಿಗೆ ಬೆನ್ನಾಗುವ ಜಾಗ ಹುಡುಕಿ ಚಾಪೆ ಹಾಸಿ ಮಲಗಿ. ಹೊಳೆಯ ಮರಳಿನ ಪಾತ್ರದೊಳಗೆ ಮಾತ್ರ ಬೇಡ. ಆಕಾಶ ನಿರ್ಮಲವಾಗಿದ್ದರೂ ಮೇಲೆಲ್ಲೋ ಸುರಿದ ಮಳೆ ಇಂಥ ಒಣ ಪಾತ್ರದಲ್ಲಿ ಒಮ್ಮೆಲೇ ನುಗ್ಗುತ್ತದೆ. 2015ರ ಅಕ್ಟೋಬರ್‌ನಲ್ಲಿ ತೆಹಾಚಪಿ ಹತ್ತಿರದ 58ನೇ ಹೆದ್ದಾರಿಯಲ್ಲಿ ಮಳೆಯ ಕೆಸರು ನುಗ್ಗಿ ಗಾಡಿಗಳನ್ನೇ ಹೂತುಹಾಕಿತ್ತು.

ನಾಲ್ಕು ಗಂಟೆಗೆ ಏಳಿ

ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಐದೂಮುಕ್ಕಾಲಿಗೆ. ನಾಲ್ಕಕ್ಕೆ ಎದ್ದು ನಾಲ್ಕೂವರೆಗೆ ಹೊರಟರೆ ಮೊದಲ ಒಂದು ಗಂಟೆ ತಲೆದೀಪದ ಬೆಳಕಿನಲ್ಲಿ ನಡೆಯಬೇಕು. ಆಮೇಲೆ ಹತ್ತು ಗಂಟೆಯವರೆಗೆ ಗಾಳಿ ಸುಮ್ಮನಿರುವ ಬೆಳಗು ನಿಮ್ಮದು. ಆ ಹೊತ್ತಿಗೆ ಎಷ್ಟು ಏರು ಮುಗಿಸುತ್ತೀರೋ ಅಷ್ಟು ಲಾಭ.

ಕಾಟನ್‌ವುಡ್‌ನಿಂದ ಟೈಲರ್‌ಹಾರ್ಸ್‌ಗೆ ಹತ್ತೂವರೆ ಕಿಲೋಮೀಟರ್. ಸುಮಾರು 950 ಮೀಟರ್ ಎತ್ತರದಿಂದ 1,475ಕ್ಕೆ ಏರುತ್ತೀರಿ. ನಡುವೆ ಇಳಿದು ಹತ್ತುವುದೂ ಇದೆ. ಕೆಲವು ಕಡೆ ಬೈಕ್‌ಗಳು ಕಾನೂನು ಮೀರಿ ಓಡಾಡಿ ದಾರಿ ಕೊರೆದು ಹೋಗಿದೆ. ಕತ್ತಲೆಯಲ್ಲಿ ಟೈರಿನ ಗುರುತನ್ನೇ ದಾರಿ ಅಂದುಕೊಂಡು ಹೋಗಬಹುದು, ಆಗಾಗ ನಕ್ಷೆ ನೋಡಿ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಿ.

ಈ ಏರಿನಲ್ಲಿ ಆತುರ ಬೇಡ. ಮಾತಾಡಿಕೊಂಡು ನಡೆಯಲು ಆಗುವಷ್ಟು ವೇಗ ಸಾಕು. ಮೈ ಬೆವರಲು ಶುರುವಾದ ತಕ್ಷಣ ಜಾಕೆಟ್ ತೆಗೆಯಿರಿ. ಒದ್ದೆ ಅಂಗಿಯಲ್ಲಿ ನೆತ್ತಿ ತಲುಪಿದರೆ ಗಾಳಿ ಮೈಯಿಂದ ಬಿಸಿ ಕಿತ್ತುಕೊಳ್ಳುತ್ತದೆ.

ಟೈಲರ್‌ಹಾರ್ಸ್‌ನಲ್ಲಿ ನೀರು

ಎಂಟು ಗಂಟೆಯ ಹೊತ್ತಿಗೆ ಇಲ್ಲಿರಬೇಕು. ಕಣಿವೆಯ ತಳದಲ್ಲಿ ಕಾಲು ನೆನೆಯುವಷ್ಟು ಸಣ್ಣ ಹರಿವು. ಒಳ್ಳೆಯ ಮಳೆಗಾಲ ಕಂಡ ವರ್ಷದ ವಸಂತದಲ್ಲಿ ಸಿಗುತ್ತದೆ, ಒಣ ವರ್ಷ ಇಲ್ಲದಿರಬಹುದು. ಹರಿವು ತೆಳುವಾಗಿದ್ದರೆ ಬಾಟಲಿ ನೇರ ಅದ್ದಬೇಡಿ, ತಳದ ಮರಳು ಕಲಕುತ್ತದೆ. ಲೋಟದಿಂದ ಮೆಲ್ಲಗೆ ಮೊಗೆದು ತುಂಬಿಸಿ, ಒಂದು ಹತ್ತು ನಿಮಿಷ ತಿಳಿಯಾಗಲು ಬಿಟ್ಟು, ಆಮೇಲೆ ಫಿಲ್ಟರ್ ಮಾಡಿ. ಮರಳು ಸೇರಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಇಲ್ಲಿ ಹೊಟ್ಟೆ ತುಂಬ ಕುಡಿಯಿರಿ. ಒಂದು ಲೀಟರ್ ಹೊಟ್ಟೆಯಲ್ಲಿ, ಐದು ಲೀಟರ್ ಬೆನ್ನ ಮೇಲೆ. ಐದು ಕಿಲೋ ಭಾರ ಅಂತ ಗೊಣಗಬೇಡಿ. ಮುಂದೆ ವಿಲೋ ಸ್ಪ್ರಿಂಗ್ಸ್ ರಸ್ತೆಯವರೆಗೆ, ಅಂದರೆ ಸುಮಾರು 27 ಕಿಲೋಮೀಟರ್, ಖಾತ್ರಿಯಾದ ನೀರು ಇಲ್ಲ. ನಡುವೆ 12 ಕಿಲೋಮೀಟರ್ ಆದ ಮೇಲೆ ಸುತ್ತಲಿನ ಊರಿನ ಪುಣ್ಯಾತ್ಮರು ನಡೆಯುವವರಿಗಾಗಿ ನೀರಿನ ಕ್ಯಾನ್ ತಂದಿಡುವ ಜಾಗ ಒಂದಿದೆ. ಬಿರುಬಿಸಿಲಿನಲ್ಲಿ ಗುರುತಿಲ್ಲದವರಿಗಾಗಿ ನೀರಿಡುವ ಆ ಜನರನ್ನು ನೆನೆದರೆ ನಮ್ಮ ಊರಿನ ಅರವಟಿಗೆ ನೆನಪಾಗುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಮೂವತ್ತು ಜನ ನಿಮಗಿಂತ ಮುಂಚೆ ದಾಟಿದ್ದರೆ ಕ್ಯಾನ್ ಖಾಲಿ. ತುಂಬಿದ್ದರೂ ಒಂದು ಲೀಟರ್ ತೆಗೆದುಕೊಂಡು ಮುಂದಿನವರಿಗೆ ಬಿಡಿ.

ಟೈಲರ್‌ಹಾರ್ಸ್‌ನಲ್ಲಿ ಹರಿವೇ ಇಲ್ಲ ಅಂತ ವರದಿ ಇದ್ದರೆ, ಜೊತೆಗೆ ಕಾಟನ್‌ವುಡ್ ನಲ್ಲಿಯೂ ಒಣಗಿದ್ದರೆ, ಈ ದಿನದ ನಡಿಗೆ ಬಿಟ್ಟುಬಿಡಿ.

ನೆತ್ತಿಯ ಮೇಲೆ

ಟೈಲರ್‌ಹಾರ್ಸ್‌ನಿಂದ ಮೇಲೆ ದಾರಿ ಸುಮಾರು 1,900 ಮೀಟರ್‌ವರೆಗೆ ಏರುತ್ತದೆ. ಜೂನಿಪರ್, ಪಿನ್ಯನ್ ಮರಗಳು ಶುರುವಾಗುತ್ತವೆ. ಬಲಕ್ಕೆ ಮೊಹಾವಿ ಬಯಲು ಕಣ್ಣು ಹಾಯುವಷ್ಟು ದೂರ. ಹತ್ತು, ಹನ್ನೊಂದು ಗಂಟೆಗೆ ಗಾಳಿ ಏಳುವುದು ನಿಮಗೆ ಗೊತ್ತಾಗುತ್ತದೆ. ಮೊದಲು ಪೊದೆಗಳ ತುದಿ ಆಡುತ್ತದೆ. ಆಮೇಲೆ ಟೊಪ್ಪಿಯ ಅಂಚು ಪಟಪಟ ಅನ್ನುತ್ತದೆ. ಅರ್ಧ ಗಂಟೆಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ.

ಗಾಳಿಯಲ್ಲಿ ನಡೆಯುವುದಕ್ಕೂ ಒಂದು ರೀತಿ ಇದೆ. ಟ್ರೆಕ್ಕಿಂಗ್ ಕೋಲು ಮಾಮೂಲಿಗಿಂತ ಸ್ವಲ್ಪ ಗಿಡ್ಡ ಮಾಡಿಕೊಳ್ಳಿ. ಹೆಜ್ಜೆ ಚಿಕ್ಕದಿರಲಿ, ಕಾಲು ಸ್ವಲ್ಪ ಅಗಲ. ಹೊಡೆತ ಬಂದಾಗ ಗಾಳಿ ಬರುವ ಕಡೆ ಕೋಲೂರಿ, ಮಂಡಿ ಮಡಿಸಿ, ನಿಲ್ಲಿ. ಹೋದ ಮೇಲೆ ನಡೆಯಿರಿ. ಎಲ್ಲರೂ ಮಾಡುವ ತಪ್ಪು ಅಂದರೆ ಗಾಳಿಯ ಮೇಲೆ ಭಾರ ಹಾಕಿ ವಾಲಿಕೊಂಡು ನಡೆಯುವುದು. ಗಾಳಿ ಒಮ್ಮೆಲೇ ನಿಂತರೆ ನೀವು ಅದೇ ಕಡೆ ಬೀಳುತ್ತೀರಿ. ದಾರಿ ಬೆಟ್ಟದ ಮೂಲೆ ಸುತ್ತುವ ಕಡೆ, ಎರಡು ಗುಡ್ಡದ ನಡುವಿನ ತಗ್ಗು ದಾಟುವ ಕಡೆ ಗಾಳಿ ಎರಡು ಪಟ್ಟು ಅಂತಲೇ ತಿಳಿದುಕೊಳ್ಳಿ. ಆ ಮೂಲೆಗೆ ಬರುವ ಹತ್ತು ಹೆಜ್ಜೆ ಮುಂಚೆ ನಿಂತು ಚೀಲದ ಪಟ್ಟಿ ಬಿಗಿಮಾಡಿ, ಟೊಪ್ಪಿಯ ದಾರ ನೋಡಿಕೊಂಡು ಹೋಗಿ. ಫೋಟೊ ತೆಗೆಯಲು ಫೋನ್ ಹೊರತೆಗೆಯುವುದು ಅಲ್ಲಿ ಬೇಡ.

ಇನ್ನೆರಡು ವಿಷಯ ಗಾಳಿ ನಮ್ಮಿಂದ ಮುಚ್ಚಿಡುತ್ತದೆ. ಒಂದು, ಬೆವರು. ಬಂದ ಬೆವರು ಬಂದಲ್ಲೇ ಆರುವುದರಿಂದ ಮೈ ಒಣಗಿದ ಹಾಗೇ ಇರುತ್ತದೆ. ಬೆವರಿಲ್ಲ, ನೀರು ಬೇಡ ಅನ್ನಿಸುತ್ತದೆ. ಕತ್ತಿನ ಹತ್ತಿರ ಅಂಗಿ ನೋಡಿ. ಬಿಳಿ ಉಪ್ಪಿನ ಗೆರೆ ಕಂಡರೆ ಎಷ್ಟು ನೀರು ಹೋಗಿದೆ ಅಂತ ಅರ್ಥವಾಗುತ್ತದೆ. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕೈದು ಗುಟುಕು ಕುಡಿಯಿರಿ, ಜೊತೆಗೆ ಉಪ್ಪಿರುವ ಏನಾದರೂ ತಿನ್ನಿ.

ಎರಡನೆಯದು, ಹಾವು. ಇಲ್ಲಿ ಗಿಲಕಿ ಹಾವುಗಳಿವೆ, ಅಂದರೆ ರ್ಯಾಟಲ್ ಸ್ನೇಕ್. ಅದರಲ್ಲಿ ಮೊಹಾವಿ ಹಸಿರು ಅನ್ನುವುದರ ವಿಷ ಬಹಳ ಕೆಟ್ಟದು. ಗಿಲಕಿ ಹಾವು ಬಾಲ ಅಲ್ಲಾಡಿಸಿ ಎಚ್ಚರಿಸುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಜೋರು ಗಾಳಿಯಲ್ಲಿ ಆ ಸದ್ದು ನಿಮಗೆ ಕೇಳುವುದಿಲ್ಲ. ಹಾಗಾಗಿ ಕಿವಿಯ ಕೆಲಸ ಕಣ್ಣು ಮಾಡಬೇಕು. ನಡೆಯುವಾಗ ಕಿವಿಗೆ ಬಿರಡೆಯೂ ಬೇಡ, ಹಾಡೂ ಬೇಡ. ದಾರಿಗೆ ಬಾಗಿದ ಪೊದೆಯ ನೆರಳಿಗೆ ಕಾಲಿಡುವ ಮುಂಚೆ ನೋಡಿ. ನೆರಳು ಸಿಕ್ಕಿತು ಅಂತ ಧೊಪ್ಪನೆ ಕೂರಬೇಡಿ, ಮೊದಲು ಕೋಲಿನಿಂದ ಪೊದೆ ತಟ್ಟಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ವಾಚ್ ತೆಗೆದು, ಅಲುಗಾಡದೆ ಕೂತು, ಫೋನ್ ಸಿಗ್ನಲ್ ಇದ್ದರೆ 911ಕ್ಕೆ ಕರೆ ಮಾಡಿ, ಇಲ್ಲದಿದ್ದರೆ ಸ್ಯಾಟಲೈಟ್ ಸಾಧನದ ತುರ್ತು ಗುಂಡಿ ಒತ್ತಿ. ಒಬ್ಬರೇ ನಡೆಯುವವರು ಅಂಥ ಸಾಧನ ಇಲ್ಲದೆ ಇಲ್ಲಿಗೆ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊಟಕ್ಕೆ ಕೂರುವುದು ಜೂನಿಪರ್ ಮರದ ಪೂರ್ವಕ್ಕೆ, ಬುಡಕ್ಕೆ ಒತ್ತಿಕೊಂಡು. ದೊಡ್ಡ ಬಂಡೆಯ ಹಿಂದೆ ಕೂರುವುದಾದರೆ ಸ್ವಲ್ಪ ಹೊತ್ತು ನಿಂತು ನೋಡಿ, ಕೆಲವು ಬಂಡೆಗಳ ಹಿಂದೆ ಗಾಳಿ ಸುಳಿ ಸುತ್ತಿ ಮಣ್ಣನ್ನೆಲ್ಲ ಡಬ್ಬಿಗೇ ತಂದು ಹಾಕುತ್ತದೆ. ಚೀಲವನ್ನು ಗಾಳಿಯ ಕಡೆ ಅಡ್ಡ ಇಡಿ. ಖಾಲಿ ಪೊಟ್ಟಣ ತಕ್ಷಣ ಜೇಬಿಗೆ. ಶೌಚಕ್ಕೆ ಹೋದರೆ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಕಾಗದವನ್ನು ಹೂಳದೆ ಜಿಪ್ ಪೊಟ್ಟಣದಲ್ಲಿ ವಾಪಸ್ ತನ್ನಿ. ಹೂತ ಕಾಗದ ಈ ಗಾಳಿಗೆ ಹೊರಬಂದು ಪೊದೆಗೆ ಸಿಕ್ಕಿಕೊಂಡು ವರ್ಷಗಟ್ಟಲೆ ನೇತಾಡುತ್ತದೆ.

ಇಳಿಯುವುದಾ, ಉಳಿಯುವುದಾ

ಮಧ್ಯಾಹ್ನ ಒಂದು ಗಂಟೆಗೆ ನೀವು ನೀರಿನ ಕ್ಯಾನ್ ಇಡುವ ಜಾಗ ದಾಟಿದ್ದರೆ, ಕಾಲು ಚೆನ್ನಾಗಿದ್ದರೆ, ಉಳಿದ 15 ಕಿಲೋಮೀಟರ್ ಇಳಿದುಬಿಡಿ. ರಸ್ತೆ ಸುಮಾರು 1,265 ಮೀಟರ್ ಎತ್ತರದಲ್ಲಿದೆ. ಕೊನೆಯ ಭಾಗದಲ್ಲಿ ಗಾಳಿಯಂತ್ರಗಳು ಹತ್ತಿರವಾಗುತ್ತವೆ. ರೆಕ್ಕೆಗಳ ಮುಖ ಯಾವ ಕಡೆ ಇದೆ ಅಂತ ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ. ರಸ್ತೆಯಿಂದ ತೆಹಾಚಪಿ ಊರು ಸುಮಾರು 15 ಕಿಲೋಮೀಟರ್, ಗಾಡಿಯ ವ್ಯವಸ್ಥೆ ಮುಂಚೆಯೇ ಮಾಡಿಕೊಳ್ಳಿ.

ಇಳಿಯಲು ಆಗದಿದ್ದರೆ ಮೂರು ಗಂಟೆಗೇ ಮಲಗುವ ಜಾಗ ಹುಡುಕಲು ಶುರುಮಾಡಿ. ಆರು ಗಂಟೆಗೆ ಅಲ್ಲ.

ನನ್ನ ತಪ್ಪು ಇಲ್ಲೇ ಆಗಿದ್ದು. ಮೊದಲ ಸಲ ಬಂದಾಗ ಎರಡು ಗುಡ್ಡದ ನಡುವೆ ಸಪಾಟಾದ ತಗ್ಗೊಂದು ಸಿಕ್ಕಿತು. ಎರಡೂ ಕಡೆ ಕಣಿವೆ ಕಾಣುತ್ತಿತ್ತು. ಐದು ಗಂಟೆಗೆ ಗಾಳಿ ಅಷ್ಟೇನೂ ಇರಲಿಲ್ಲ. ಟೆಂಟ್ ಹಾಕಿ ಮಲಗಿದೆ. ರಾತ್ರಿ ಹತ್ತೂವರೆಗೆ ಗಾಳಿ ಬರುವುದು ದೂರದಿಂದಲೇ ಕೇಳಿಸಿತು, ರೈಲು ಬರುವ ಹಾಗೆ. ಎಣಿಸಿದರೆ ನಾಲ್ಕು ಸೆಕೆಂಡ್. ಆಮೇಲೆ ಬಟ್ಟೆ ಮುಖಕ್ಕೆ ಬಂದು ಹೊಡೆಯಿತು. ಗಾಳಿಯ ಕಡೆಯ ಎರಡು ಗೂಟ ಕಿತ್ತು ಹೋದವು, ಕಂಬಿ ಬಾಗಿ ಮುರಿಯಿತು. ಬಟ್ಟೆಯನ್ನು ಮೈಮೇಲೆ ಎಳೆದುಕೊಂಡು ಅಂಚನ್ನು ತೊಡೆಯ ಕೆಳಗೆ ಹಾಕಿಕೊಂಡು ಬೆಳಗಿನ ಮೂರರವರೆಗೆ ಕೂತಿದ್ದೆ. ನೂರು ಮೀಟರ್ ಕೆಳಗೆ ಮರಗಳ ಗುಂಪೊಂದಿತ್ತು. ಬೆಳಿಗ್ಗೆ ಅದರ ಪಕ್ಕದಲ್ಲೇ ಹಾದು ಹೋದೆ. ಅಲ್ಲಿ ಎಲೆ ಸಹ ಜೋರಾಗಿ ಅಲ್ಲಾಡುತ್ತಿರಲಿಲ್ಲ.

ಹಾಗಾಗಿ ತಗ್ಗು ಬೇಡ, ನೆತ್ತಿ ಬೇಡ, ಒಣ ಹೊಳೆಪಾತ್ರ ಬೇಡ. ಬೆಟ್ಟದ ಪೂರ್ವದ ಮೈಯಲ್ಲಿ, ದಟ್ಟ ಜೂನಿಪರ್ ಗುಂಪಿನ ಮರೆಯಲ್ಲಿ ನೋಡಿ. ಒಂದು ಗುಟ್ಟು ಹೇಳುತ್ತೇನೆ. ನೆಲ ನೋಡಿ. ಮರದ ಕೆಳಗೆ ಒಣ ಎಲೆ, ತೊಗಟೆಯ ಚೂರು ಬಿದ್ದಲ್ಲೇ ಬಿದ್ದಿದ್ದರೆ ಅಲ್ಲಿ ಗಾಳಿ ಬರುವುದಿಲ್ಲ. ನೆಲ ಗುಡಿಸಿದ ಹಾಗೆ ಸ್ವಚ್ಛವಾಗಿದ್ದರೆ ಅದನ್ನು ಗುಡಿಸಿದ್ದು ಗಾಳಿ. ಹಾಗೆಯೇ ಒಣಗಿದ ಕೊಂಬೆ ತಲೆ ಮೇಲೆ ಇಲ್ಲದ ಹಾಗೆ ನೋಡಿಕೊಳ್ಳಿ.

ಟೆಂಟ್ ಹಾಕುವ ಕ್ರಮ ಇದು. ಮೊದಲು ಬಟ್ಟೆಯನ್ನು ಚೀಲದಿಂದ ಪೂರ್ತಿ ತೆಗೆಯದೆ, ಗಾಳಿ ಬರುವ ಕಡೆಯ ಎರಡು ಮೂಲೆ ಮಾತ್ರ ಹೊರತೆಗೆದು ಗೂಟ ಹೊಡೆಯಿರಿ. ಟೆಂಟಿನ ಕಿರಿದಾದ, ಗಿಡ್ಡ ತುದಿ ಗಾಳಿಗೆ ಮುಖ ಮಾಡಬೇಕು, ಬಾಗಿಲು ಅದರ ವಿರುದ್ಧ. ಆ ಮೂಲೆಗಳ ಮೇಲೆ ಕೂಡಲೇ ಕಲ್ಲು. ಆಮೇಲೆ ಉಳಿದ ಬಟ್ಟೆ ಮೆಲ್ಲಗೆ ಬಿಚ್ಚಿ, ಚೀಲವನ್ನು ಒಳಗೆ ತಳ್ಳಿ ಭಾರ ಮಾಡಿ, ಉಳಿದ ಗೂಟ ಹೊಡೆದು, ಕೊನೆಗೆ ಕಂಬ ಎತ್ತಿ. ಕಂಬ ಮಾಮೂಲಿಗಿಂತ ಐದು ಸೆಂಟಿಮೀಟರ್ ಗಿಡ್ಡ ಇರಲಿ. ಇಲ್ಲಿನ ಮರಳುಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ. ಅದಕ್ಕೆ ಚಿಕ್ಕ ಕಲ್ಲಿಗೆ ಹಗ್ಗ ಸುತ್ತಿ, ಅದರ ಮುಂದೆ, ಟೆಂಟಿನ ಕಡೆ, ಎತ್ತಲು ಕಷ್ಟವಾಗುವಷ್ಟು ದೊಡ್ಡ ಕಲ್ಲು ಅಡ್ಡ ಇಡಿ. ಹಗ್ಗ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿಕೊಳ್ಳುತ್ತದೆ, ಕಿತ್ತು ಬರುವುದಿಲ್ಲ. ಬೆಳಿಗ್ಗೆ ಆ ಕಲ್ಲುಗಳನ್ನು ಎಲ್ಲಿಂದ ತಂದಿರೋ ಅಲ್ಲೇ ಬಿಡಿ.

ಮನೆಗೆ ಬಂದ ಮೇಲೆ

ಇದನ್ನು ಯಾರೂ ಹೇಳುವುದಿಲ್ಲ, ದಯವಿಟ್ಟು ಓದಿ. ಈ ಬೆಟ್ಟಗಳಿರುವ ಕರ್ನ್ ಕೌಂಟಿಯ, ಅಂದರೆ ಜಿಲ್ಲೆಯ, ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ. ಗಾಳಿಗೆ ಏಳುವ ಧೂಳಿನ ಜೊತೆ ಅದರ ಕಣಗಳು ಶ್ವಾಸಕೋಶಕ್ಕೆ ಹೋದರೆ ವ್ಯಾಲಿ ಫೀವರ್ ಎಂಬ ಕಾಯಿಲೆ ಬರುತ್ತದೆ. ಧೂಳು ಎದ್ದಾಗ ಮೂಗು ಮುಚ್ಚಿಕೊಳ್ಳಿ, ಸಾಧ್ಯವಾದರೆ ಎನ್95 ಮಾಸ್ಕ್ ಇರಲಿ. ಬಟ್ಟೆ, ಟೆಂಟ್‌ನ ಧೂಳನ್ನು ಮನೆಯೊಳಗೆ ಕೊಡವಬೇಡಿ, ಹೊರಗೆ ನೀರಿನಲ್ಲಿ ತೊಳೆಯಿರಿ.

ಧೂಳು ಕುಡಿದ ಒಂದರಿಂದ ಮೂರು ವಾರದೊಳಗೆ ಜ್ವರ, ಬಿಡದ ಕೆಮ್ಮು, ಎದೆನೋವು, ವಿಪರೀತ ಸುಸ್ತು ಶುರುವಾಗಬಹುದು. ಬಹಳ ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಆದರೆ ನೋಡಲು ನ್ಯುಮೋನಿಯಾ, ಟಿಬಿಯ ಹಾಗೇ ಇರುತ್ತದೆ. ರಜೆ ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ಹೋದಾಗ ಕೆಮ್ಮು ಶುರುವಾದರೆ ಅಲ್ಲಿನ ಡಾಕ್ಟರಿಗೆ ಈ ಕಾಯಿಲೆಯ ಯೋಚನೆ ಬರುವುದು ಕಷ್ಟ, ಅದು ನಮ್ಮ ಕಡೆಯ ಮಣ್ಣಿನ ಕಾಯಿಲೆ ಅಲ್ಲ. ಹಾಗಾಗಿ ನೀವೇ ಬಾಯಿಬಿಟ್ಟು ಹೇಳಿ, "ಕ್ಯಾಲಿಫೋರ್ನಿಯಾದ ಮರುಭೂಮಿಯ ಧೂಳಿನಲ್ಲಿ ನಡೆದಿದ್ದೆ." ನಡೆದ ತಾರೀಖನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿರಿ.